ಹಿಂದಿನ ಸೀಟಿಲ್ಲದ ಗಾಡಿಯ ಗಾಲಿಗಳು

ನಮ್ಮ ಮನೆಯಲ್ಲಿ ಹೆಂಗಸರು ಗಾಡಿಯ ಮುಂದಿನ ಸೀಟಿನಲ್ಲಿ ಕೂರುವುದಿಲ್ಲ. ಕೂರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಐಗಳಿಯ ಈ ದ್ರಾಕ್ಷಿ ತೋಟದ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಮುಂದಿನ ಬಾಗಿಲು ಗಂಡಸರಿಗೆ, ಹಿಂದಿನದು ನಮಗೆ. ಮೊದಲು ಮುಂದೆ ಮಾವ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಸೀಟು ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಹೊಲದ ಜೊತೆಗೇ ಬಂದಂತೆ ಬಂತು. ಭಾವ ಬಾರದ ದಿನ ಮನೆಯ ಗಂಡುಹುಡುಗರಲ್ಲಿ ಯಾರಾದರೂ ಓಡಿಬಂದು ಕೂತುಬಿಡುತ್ತಿದ್ದರು, ಮೀಸೆ ಮೂಡಿರದಿದ್ದರೂ ನಡೆಯುತ್ತಿತ್ತು. ಒಮ್ಮೆಯಂತೂ ಬೀಗರಿಗೆಂದು ಕಟ್ಟಿದ ದ್ರಾಕ್ಷಿ ಪೆಟ್ಟಿಗೆ ಮುಂದಿನ ಸೀಟಿನಲ್ಲಿ ಎ.ಸಿ. ಗಾಳಿಗೆ ತಣ್ಣಗೆ ಕೂತಿತ್ತು. ನಾನೂ ಭಾವನವರ ಹೆಂಡತಿಯಾದ ನನ್ನ ನೆಗೆಣ್ಣಿಯೂ ಹಿಂದೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದೆವು. "ಹಣ್ಣ ಕೆಡತಾವು" ಎಂದರು ಭಾವ. ನಾವು ಕೆಡುವುದಿಲ್ಲ ಎಂಬ ಭರವಸೆ ಅವರಿಗೆ.

ನನ್ನ ತವರು ಕೃಷ್ಣೆಯ ದಂಡೆಯ ಜುಗೂಳ. ನಮ್ಮ ಗಾಡಿ ಅಲ್ಲಿ ಹೋಗಿ ನಿಂತರೆ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬರುತ್ತಿದ್ದಳು. ಮುಂದೆ ಕೂತವರಿಗೆ ಕೈಮುಗಿದು, ನೇರ ಹಿಂದಿನ ಬಾಗಿಲಿಗೆ ಬಂದು ಕೈ ಚಾಚುತ್ತಿದ್ದಳು. ಮಗಳು ಎಲ್ಲಿ ಸಿಗುತ್ತಾಳೆಂದು ಆಕೆ ಹುಡುಕಬೇಕಾಗಿರಲಿಲ್ಲ.

ಇಂಥ ಮನೆಯಲ್ಲಿ ನಮ್ಮವರಿಗೆ ಐವತ್ತು ದಾಟಿದ ಮೇಲೆ ಹುಚ್ಚು ಹಿಡಿಯಿತು. ಜೀವಮಾನವೆಲ್ಲ ಟ್ರ್ಯಾಕ್ಟರು, ಜೀಪು ಹೊಡೆದ ಮನುಷ್ಯ ಒಂದು ದಿನ ಕೊಲ್ಲಾಪುರದಿಂದ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಹಳೆಯದೇ. ಮೊದಲಿನ ಮಾಲೀಕನ ಹೊಟ್ಟೆ ಸ್ಟೇರಿಂಗಿಗೆ ತಾಗತೊಡಗಿತ್ತಂತೆ, ಅದಕ್ಕೆ ಮಾರಿದನಂತೆ. ಗಾಡಿ ಎಷ್ಟು ಕೆಳಗಿತ್ತೆಂದರೆ ನಮ್ಮ ಕರು ಅದರ ಮೇಲಿಂದ ಕತ್ತು ಹಾಯಿಸಿ ಆ ಕಡೆಯ ಹುಲ್ಲು ನೋಡುತ್ತಿತ್ತು.

ಭಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಇಷ್ಟ ಮಂದಿ ಇರೂ ಮನ್ಯಾಗ ಎರಡ ಸೀಟಿನ ಗಾಡಿ ತಂದಿ. ಉಳದವರೇನ ಮ್ಯಾಲ ಕುಂದರಬೇಕೇನು?" ಎಂದರು.

ನಾನು ಆಗಲೇ ಕಿಟಕಿಯಿಂದ ಒಳಗೆ ಇಣುಕಿದ್ದೆ. ಎರಡು ಬಾಗಿಲು, ಎರಡು ಸೀಟು. ಹಿಂದೆ ಒಂದು ಚೀಲ ಇಡುವಷ್ಟು ಜಾಗ, ಅಷ್ಟೇ. ಈ ಗಾಡಿಯಲ್ಲಿ ನನ್ನನ್ನು ಹಿಂದೆ ಕೂರಿಸಬೇಕೆಂದರೂ ಹಿಂದೆ ಎಂಬುದೇ ಇಲ್ಲ! ನನ್ನ ಮುಖ ನೋಡಿ ನಮ್ಮವರಿಗೆ ಅರ್ಥವಾಯಿತೆಂದು ಕಾಣುತ್ತದೆ. ಅಡುಗೆಮನೆಗೆ ಬಂದು ದನಿ ತಗ್ಗಿಸಿ, "ಮೊದಲನೇ ಸುತ್ತ ನಿಮ್ಮ ಜುಗೂಳಕ್ಕ. ನೀ ನನ್ನ ಬಾಜೂಕ" ಎಂದರು. ಸುಳ್ಳೇಕೆ ಹೇಳಲಿ, ಅಂದು ನನಗೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರಲಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮ ಪೂಜಾರಿ ಶಾಲೆಯ ಮುಂದಿನ ಹಂಪು, ವೇಗ ತಡೆಯಲೆಂದು ರಸ್ತೆಗೆ ಅಡ್ಡ ಹಾಕಿದ ಉಬ್ಬು. ಹೊಸ ಸೀರೆ ಉಟ್ಟು, ಮಣೆಯ ಮೇಲೆ ಕೂತಂತೆ ಮೊದಲು ಕೂತು ಆಮೇಲೆ ಒಂದೊಂದೇ ಕಾಲು ಒಳಗೆ ಎಳೆದುಕೊಂಡು, ನಾನು ಊರಿಗೆಲ್ಲ ಕಾಣುವಂತೆ ಹೊರಟಿದ್ದೆ. ಹಂಪು ಏರಿದ್ದೇ ತಡ, ಕೆಳಗೆ ಕರ್ರ್ ಎಂದು ಸದ್ದು. ನಮ್ಮವರು ಇಳಿದು ರಸ್ತೆಯ ಮೇಲೆ ಮಲಗಿ ನೋಡಿದರು. ನನ್ನನ್ನು ಇಳಿಸಿ ತಾವೊಬ್ಬರೇ ದಾಟಿಸಿದರು. ಸದ್ದಿಲ್ಲ. ಹಿಂದಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡು ದಾಟಿಸಿದರು. ಕರ್ರ್.

"ಗಾಡಿ ಸ್ವಲ್ಪ ತಗ್ಗ ಐತಿ" ಎಂದರು.

"ಗಾಡಿ ತಗ್ಗ ಐತೋ, ನಾ ದಪ್ಪ ಅದೀನೋ? ಖರೆ ಹೇಳ್ರಿ."

ಅವರು ಅಂಗಿಗೆ ಹತ್ತಿದ ಧೂಳು ಕೊಡವಿಕೊಂಡರು. "ಎರಡೂ ಸ್ವಲ್ಪ ಸ್ವಲ್ಪ" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಇದಕ್ಕಿಂತ ಎಚ್ಚರದ ಮಾತು ಅವರ ಬಾಯಿಂದ ನಾನು ಕೇಳಿಲ್ಲ.

ಅಥಣಿಯ ದಾರಿಯಲ್ಲಿ ಹಂಪುಗಳಿಗೇನು ಬರ. ಪ್ರತಿ ಹಂಪಿನ ಹತ್ತಿರ ನಾನು ಇಳಿಯುವುದು, ಅವರು ಗಾಡಿ ದಾಟಿಸಿ ಮುಂದೆ ನಿಲ್ಲಿಸುವುದು, ನಾನು ನೆರಿಗೆ ಎತ್ತಿ ನಡೆದು ಹೋಗಿ ಮತ್ತೆ ತೂರಿಕೊಳ್ಳುವುದು. ಚಹಾ ಅಂಗಡಿಯ ಮುಂದೆ ಕೂತ ಗಂಡಸರಿಗೆ ಹಬ್ಬ. "ಯಾಕ್ರಿ ವೈನಿ, ಜಗಳಾ ಆತೇನು?" ಎಂದು ಒಬ್ಬ ಕೇಳಿದ. ಅವನೇ ಬೈಕು ಹತ್ತಿ ಬೆನ್ನಿಗೆ ಬಂದು, ಮುಂದಿನ ಹಂಪಿನಲ್ಲಿ ನಾನು ಇಳಿಯುವುದನ್ನು ನೋಡಿ, "ವೈನಿ, ಬಸ್ಸ ಹಿಂದ ಬರಾಕತ್ತೈತ್ರಿ" ಎಂದ. ಸಿಟ್ಟು ನೆತ್ತಿಗೇರಿತು. ಅಥಣಿಯನ್ನೂ ಮುಟ್ಟದೆ ತಿರುಗಿಸಿಕೊಂಡು ಬಂದೆವು.

ಗಾಯದ ಮೇಲೆ ಬರೆ ಎಳೆದದ್ದು ಮರುದಿನ. ನನ್ನ ಭಾವ ಕಬ್ಬಿನ ಜಲ್ಲೆಯಷ್ಟು ಸಣಕಲು. ಅವರು ಹತ್ತಿ ಕೂತು ಅಥಣಿಗೆ ಹೋಗಿ ಬಂದರು, ಗಾಡಿ ಒಂದು ಕಡೆಯೂ ತಾಗಲಿಲ್ಲ. ಅದರ ಮರುದಿನ ಮತ್ತೆ ಹೋದರು. "ಗಾಡಿ ಛಲೋ ಐತಿ. ಭಾರ ತಡಿಯೂದಿಲ್ಲ ಅಷ್ಟ" ಎಂದು ಜಗುಲಿಯ ಮೇಲೆ ಕೂತು ತೀರ್ಪು ಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ತುತ್ತನ್ನು ಭಾವನವರು ದಿನಾ ನನ್ನ ಕಣ್ಣೆದುರಿಗೇ ಉಣ್ಣುತ್ತಿದ್ದರು.

ಊಟಕ್ಕೆ ಬಡಿಸುವಾಗ ನಮ್ಮವರಿಗೆ ಹೇಳಿದೆ, "ಗಾಡಿ ಏರಸ್ರಿ. ನಾ ಅಂತೂ ಊಟಾ ಬಿಡೂದಿಲ್ಲ."

ಅಲ್ಲಿಂದ ಶುರುವಾಯಿತು ಗಾಲಿಯ ಅಧ್ಯಯನ. ನಮ್ಮವರು ಹೊತ್ತು ಸಿಕ್ಕಾಗಲೆಲ್ಲ ಮೊಬೈಲಿನಲ್ಲಿ ಗಾಲಿಯ ವಿಡಿಯೋ ನೋಡತೊಡಗಿದರು. ಕಾಲೇಜಿನ ದಿನಗಳಲ್ಲೂ ಅಷ್ಟು ಓದಿರಲಿಕ್ಕಿಲ್ಲ. ಅಳತೆಗೆ ಅವರದೇ ಒಂದು ಲೆಕ್ಕ. ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ ಅವರ ಮುಷ್ಟಿ ಸರಿಯಾಗಿ ಹೋಗುತ್ತಿತ್ತು. ಮುಷ್ಟಿಯ ಮೇಲೆ ಒಂದು ಬೆರಳು ಅಡ್ಡ ಇಟ್ಟರೂ ಹೋಗುವಂತಾದರೆ, ನಾನು ಕೂತರೂ ಹಂಪು ತಾಗುವುದಿಲ್ಲ. ನನ್ನ ತೂಕಕ್ಕೆ ಒಂದು ಬೆರಳು ಎಂದು ಅವರು ಬೆಲೆ ಕಟ್ಟಿದ್ದರು. ಬೆರಳು ಕೊಟ್ಟರೆ ಸಾಕಿತ್ತು ನನಗೆ.

ನಿಪ್ಪಾಣಿಯ ಹೆದ್ದಾರಿಯ ಬದಿಗೆ ಗಾಲಿ, ಟಾಯರುಗಳ ದೊಡ್ಡ ಅಂಗಡಿ ಇದೆ. ಮೊದಲ ಸಲ ಅವರೊಬ್ಬರೇ ಹೋದರು. ಸಂಜೆ ಬಂದಾಗ ಗಾಡಿಯ ನಾಲ್ಕೂ ಗಾಲಿ ಮದುಮಗಳ ಹಾಗೆ ಹೊಳೆಯುತ್ತಿದ್ದವು. ಮೊದಲಿದ್ದದ್ದಕ್ಕಿಂತ ದೊಡ್ಡ ರಿಮ್ಮು, ನಕ್ಷತ್ರದಂಥ ಕಡ್ಡಿಗಳು, ಮುಖ ನೋಡಿಕೊಳ್ಳಬಹುದು. ಊರ ಹುಡುಗರೆಲ್ಲ ಬಂದು ಫೋಟೋ ತೆಗೆದರು. ನೆಗೆಣ್ಣಿ ಆರತಿ ಎತ್ತಿದಳು, ಒಂದೊಂದು ಗಾಲಿಯ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟೆವು. ನಮ್ಮವರು ಬಾಗಿ ಗಾಡಿಯ ಕೆಳಗೆ ಮುಷ್ಟಿ ತೂರಿಸಿದರು. ಮೇಲೆ ಬೆರಳು ಇಟ್ಟರು. ತಾಗಿತು.

"ಅದೆಂಗ?" ಎಂದು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು.

ನಾನು ಗಾಲಿ ನೋಡಿದೆ. ರಿಮ್ಮು ದೊಡ್ಡದಾಗಿತ್ತು ನಿಜ, ಆದರೆ ಅದರ ಸುತ್ತ ಇದ್ದ ಟಾಯರು ಕಾಡಿಗೆಯ ಗೆರೆಯಷ್ಟು ತೆಳ್ಳಗಿತ್ತು. ಒಳಗೆ ಎಷ್ಟು ಕಬ್ಬಿಣ ಬೆಳೆದಿತ್ತೋ ಹೊರಗೆ ಅಷ್ಟೇ ರಬ್ಬರು ಕಡಿಮೆಯಾಗಿತ್ತು. ಒಟ್ಟು ಎತ್ತರ ಮೊದಲಿನದೇ. ಅಂಗಡಿಯವನು ಇದನ್ನೆಲ್ಲ ಹೇಳಿದ್ದನಂತೆ, ಹೊರಗಿನ ಅಳತೆ ಬದಲಾದರೆ ಮೀಟರು ತಪ್ಪು ತೋರಿಸುತ್ತದೆ, ಅದಕ್ಕೇ ತೆಳು ಟಾಯರು ಹಾಕುತ್ತೇನೆ ಎಂದಿದ್ದನಂತೆ. ನಮ್ಮವರ ಕಿವಿಯೂ ಅಷ್ಟು ಹೊತ್ತು ಹೊಳಪನ್ನೇ ನೋಡುತ್ತಿದ್ದಿರಬೇಕು. ಇನ್ನು ಕಬ್ಬಿನ ಹಂಗಾಮು ಬೇರೆ. ರಸ್ತೆಯ ತುಂಬ ಟ್ರ್ಯಾಲಿಗಳಿಂದ ಬಿದ್ದ ಜಲ್ಲೆಗಳು. ಆ ಟಾಯರಿನ ಮೇಲೆ ಒಂದು ಜಲ್ಲೆ ದಾಟಿದರೆ ಅದರಲ್ಲಿ ಗೆಣ್ಣು ಎಷ್ಟು ಎಂದು ಕೂತಲ್ಲಿಂದಲೇ ಹೇಳಬಹುದಾಗಿತ್ತು.

ಆಮೇಲೆ ನಡೆದದ್ದು ನಮ್ಮ ಸೀಮೆಯವರು ಮಾತ್ರ ಮಾಡಬಹುದಾದ ಕೆಲಸ. ಜಗುಲಿಯ ಮೇಲೆ ಸಭೆ ಕೂಡಿತು. ಇಲ್ಲಿ ಗಾಲಿ ಎಂದರೆ ಟ್ರ್ಯಾಕ್ಟರಿನದು, ಬೇರೆಯದನ್ನೆಲ್ಲ ಯಾರೂ ಗಾಲಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಟ್ರ್ಯಾಕ್ಟರ್ ನೋಡ್ರಿ. ಹಿಂದ ದೊಡ್ಡದು, ಮುಂದ ಸಣ್ಣದು. ಕೆಸರಿರಲಿ, ಒಡ್ಡಿರಲಿ, ಎಲ್ಲಾದರೂ ತಾಗೇತೇನು?" ಎಂದು ಒಬ್ಬರು ಕೇಳಿದರು. ಭಾವನವರೂ ತಲೆಯಾಡಿಸಿದರು. ನಮ್ಮವರು ಮತ್ತೆ ನಿಪ್ಪಾಣಿಗೆ ಹೋಗಿ ಹಿಂದಿನ ಎರಡಕ್ಕೆ ಮಾತ್ರ ಎತ್ತರದ ಟಾಯರು ಹಾಕಿಸಿಕೊಂಡು ಬಂದರು. ಗಾಡಿಯ ಹಿಂಭಾಗ ಎದ್ದು ನಿಂತಿತ್ತು, ಮೂತಿ ನೆಲ ಮೂಸುತ್ತಿತ್ತು. ದೂರದಿಂದ ನೋಡಿದರೆ ಆಕಳು ಬಾಗಿ ನೀರು ಕುಡಿಯುತ್ತಿದ್ದ ಹಾಗೆ. ಶಾಲೆಯ ಮುಂದಿನ ಹಂಪಿಗೆ ಹೋದರೆ ಈಗ ಹೊಟ್ಟೆ ತಾಗುವ ಮೊದಲೇ ಮೂತಿ ತಾಗಿತು, ಅದೂ ನಾನು ಗಾಡಿಯಲ್ಲಿ ಇಲ್ಲದಾಗಲೇ. ನನಗೆ ಒಳಗೊಳಗೇ ಸಂತೋಷವಾಯಿತು. ಭಾವನವರೂ ಎರಡು ದಿನ ಜಗುಲಿ ಬಿಟ್ಟು ಕದಲಲಿಲ್ಲ.

ಅವತ್ತು ಊಟಕ್ಕೆ ಕೂತಾಗ ನಮ್ಮವರು ತಾಟಿನಲ್ಲಿ ಒಂದು ದೊಡ್ಡ ರೊಟ್ಟಿಯ ಮೇಲೆ ಸಣ್ಣ ರೊಟ್ಟಿ ಇಟ್ಟು ನಡುವೆ ಬೆರಳಿನಿಂದ ತೂತು ಮಾಡಿದರು. "ಇದು ಅಚ್ಚು" ಎಂದರು. ಸಣ್ಣದರ ಸುತ್ತ ದೊಡ್ಡದು ಎಷ್ಟು ಹೊರಗೆ ಬಂದಿದೆ ಎಂದು ನೋಡಿದರು. ಕೆಳಗೆ ಬಂದಷ್ಟೇ ಮೇಲೂ ಬಂದಿತ್ತು.

"ಉಣ್ಣತೀಯೋ, ಆಡತೀಯೋ?" ಎಂದರು ಪಕ್ಕದಲ್ಲಿ ಕೂತ ಭಾವ.

"ಅಣ್ಣಾ, ಟಾಯರ್ ಎರಡ ಬೆರಳ ದೊಡ್ಡದಾದ್ರ ಗಾಡಿ ಏರೂದು ಒಂದ ಬೆರಳ. ಉಳದದ್ದು ಮ್ಯಾಲ ಹೋಗತೈತಿ. ನಾಕಕ್ಕೂ ಅಷ್ಟ ಹಾಕಬೇಕು" ಎಂದು ನಮ್ಮವರು ಎದ್ದೇ ನಿಂತರು. ರೊಟ್ಟಿ ತೂತಾದರೂ ತಲೆಗೆ ಹೋಯಿತಲ್ಲ ಎಂದು ನಾನು ಆ ರೊಟ್ಟಿಗೆ ಒಂದಿಷ್ಟು ಬೆಣ್ಣೆ ಹಾಕಿದೆ.

ಮೂರನೆಯ ಸಲ ನಾನೂ ಹೊರಟೆ. ನನ್ನ ಸೀಟಿನ ವಿಷಯ, ಇನ್ನು ಅವರೊಬ್ಬರನ್ನೇ ಹೊಳಪಿನ ನಡುವೆ ಬಿಡುವ ಧೈರ್ಯ ನನಗಿರಲಿಲ್ಲ. ಅವರು ಕಾರಿನಲ್ಲಿ, ನಾನು ಬಸ್ಸಿನಲ್ಲಿ. ಅಥಣಿಯಲ್ಲಿ ಹತ್ತಿ, ಚಿಕ್ಕೋಡಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ನಿಪ್ಪಾಣಿ ಮುಟ್ಟಿ, ಅಂಗಡಿಯವನು ಕೊಟ್ಟ ಚಹಾ ಕುಡಿದು ಮುಗಿಸಿದ ಮೇಲೆ ಕೆಂಪು ಕಾರು ಪ್ರತಿ ಉಬ್ಬಿಗೂ ಮೂತಿಯನ್ನು ಓರೆ ಮಾಡುತ್ತ, ನೋವಾದವರ ಹಾಗೆ ಬಂತು.

ಅಂಗಡಿಯವನಿಗೆ ಅರ್ಧ ಕನ್ನಡ, ಅರ್ಧ ಮರಾಠಿ. "ವಹಿನಿ, ಲುಕ್ ಬಗಾ, ಲುಕ್!" ಎಂದು ಅವನು ಗೋಡೆಗೆ ತೂಗುಹಾಕಿದ ರಿಮ್ಮುಗಳನ್ನು ಒಂದೊಂದಾಗಿ ತೋರಿಸಿದ. ಅಗಲವಾದವು, ಕಪ್ಪು ಹೊಳಪಿನವು, ಕೆಂಪು ಅಂಚಿನವು. ನಮ್ಮವರ ಕಣ್ಣು ಮತ್ತೆ ಆ ಕಡೆ ಹೋಯಿತು. ನಾನು ಕೆಮ್ಮಿದೆ.

ಮೊದಲು ಅಗಲವೂ ಎತ್ತರವೂ ಆದ ಟಾಯರು ಹಾಕಿ ನೋಡಿದರು. ಗಾಡಿ ಏರಿತು, ಆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಗಾಲಿ ಒಳಗೆ ಮಡ್‌ಗಾರ್ಡಿಗೆ ಚರ್ ಚರ್ ಎಂದು ತಿಕ್ಕಿತು. "ತಿರುಗೂದು ಕಡಿಮಿ ಮಾಡಿದ್ರಾತು" ಎಂದರು ನಮ್ಮವರು. ನೇರ ಹೋದರೆ ಜುಗೂಳ ಬರುವುದಿಲ್ಲ, ಕಾಗವಾಡ ತಾಲೂಕಿಗೆ ಎಲ್ಲೋ ಒಂದು ಕಡೆ ತಿರುಗಬೇಕಾಗುತ್ತದೆ ಎಂದು ನಾನು ನೆನಪು ಮಾಡಿದೆ. ಕೊನೆಗೆ ಉಳಿದದ್ದು ಒಂದೇ ದಾರಿ. ಕೊಲ್ಲಾಪುರದಿಂದ ಬಂದಾಗ ಇದ್ದದ್ದಕ್ಕಿಂತ ಒಂದೇ ಇಂಚು ದೊಡ್ಡ ರಿಮ್ಮು, ಅದಕ್ಕೆ ಅಗಲ ಕಡಿಮೆ, ರಿಮ್ಮಿನ ಸುತ್ತಲಿನ ರಬ್ಬರು ಎತ್ತರ ಇರುವ ದಪ್ಪ ಟಾಯರು. ಚೊಕ್ಕ ಕೆಲಸ, ಆದರೆ ನೋಡಲು ಚಂದವಿಲ್ಲ. ರಿಮ್ಮು ಮಂಕು ಬೂದಿ ಬಣ್ಣದ್ದು. ಸ್ಪೋರ್ಟ್ಸ್ ಕಾರಿಗೆ ಹೊಲಕ್ಕೆ ಹೋಗುವ ಚಪ್ಪಲಿ ತೊಡಿಸಿದ ಹಾಗೆ ಕಾಣುತ್ತಿತ್ತು.

ನಮ್ಮವರು ಬಿಚ್ಚಿಟ್ಟ ತಮ್ಮ ನಕ್ಷತ್ರದ ರಿಮ್ಮುಗಳ ಹತ್ತಿರ ಹೋಗಿ ಒಂದರ ಮೇಲೆ ಕೈಯಾಡಿಸಿದರು. ಕೈಗೆ ಹತ್ತಿದ ಧೂಳನ್ನು ಅಂಗಿಗೆ ಒರೆಸಿಕೊಂಡರು. ಈ ಮನುಷ್ಯ ತನಗಾಗಿ ಏನನ್ನೂ ಬಯಸಿ ತಂದುಕೊಂಡವನಲ್ಲ, ಇದೊಂದೇ. ನನಗೆ ಪಾಪ ಎನಿಸಿತು. "ಬ್ಯಾಡಾದ್ರ ಬಿಡ್ರಿ" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಲ್ಲೇ ನಿಂತಿದ್ದ ಯಾರೋ ಗಿರಾಕಿ, "ಕಾಕಾ, ಇದು ಛಲೋ ಕಾಣಸೂದಿಲ್ರಿ" ಎಂದ.

"ಕಾಣಸಾಕ ಅಲ್ಲೋ, ಈಕಿ ಕುಂದರಾಕ" ಎಂದರು ನಮ್ಮವರು. ಅಂಗಡಿಯವನಿಗೆ, "ಇದನ್ನ ಹಾಕ್ರಿ" ಎಂದರು.

ಎಲ್ಲರೆದುರಿಗೆ ಅವರು ನನ್ನ ಬಗ್ಗೆ ಹಾಗೆ ಅಂದದ್ದು ಅದೇ ಮೊದಲು.

ಹಾಕಿ ಮುಗಿದ ಮೇಲೆ ನನ್ನನ್ನು ಒಳಗೆ ಕೂರಿಸಿ ಅವರು ನೆಲದ ಮೇಲೆ ಮಲಗಿದರು. "ಉಸರ ಬಿಗಿ ಹಿಡೀಬ್ಯಾಡ, ಆರಾಮ ಕುಂದರು" ಎಂದು ಕೆಳಗಿನಿಂದ ದನಿ ಬಂತು. ಮುಷ್ಟಿ ಹೋಯಿತು. ಮೇಲೆ ಬೆರಳೂ ಹೋಯಿತು. ಅಂಗಡಿಯವನು ಮಾತ್ರ ಇನ್ನೂ ಮುಖ ಸಣ್ಣ ಮಾಡಿಕೊಂಡೇ ಇದ್ದ. "ಮೀಟರ್ ಕಡಿಮಿ ತೋರಸತೈತ್ರಿ, ಸ್ಪೀಡ್ ಖರೇ ಹೆಚ್ಚಿರತೈತಿ" ಎಂದ. ನಿಧಾನ ಹೋದರಾಯಿತು, ತೂಕದ ಕಾಟಾನೂ ಹೀಗೆ ಕಡಿಮೆ ತೋರಿಸುವುದು ಇದ್ದರೆ ಕೊಡಪ್ಪಾ ಎಂದೆ ನಾನು.

ಜುಗೂಳಕ್ಕೆ ಹೊರಡುವ ದಿನ ಬೆಳಿಗ್ಗೆ ನಾನು ಬುತ್ತಿಯ ಚೀಲ ಹಿಡಿದು ಅಂಗಳಕ್ಕೆ ಬಂದೆ. ನೋಡಿದರೆ ಭಾವ, ಬಿಳಿ ಅಂಗಿ, ಬಿಳಿ ಟೋಪಿ ತೊಟ್ಟು, ಮುಂದಿನ ಬಾಗಿಲು ತೆರೆದುಕೊಂಡು ನಿಂತಿದ್ದಾರೆ. ಕಾಗವಾಡದಲ್ಲಿ ಅವರಿಗೂ ಒಂದು ಕೆಲಸವಿತ್ತಂತೆ. ಕೆಟ್ಟ ಮನಸ್ಸಿನಿಂದಲ್ಲ, ಗಾಡಿ ಹೊರಟಿದೆ ಎಂದರೆ ಮುಂದಿನ ಸೀಟು ತಮ್ಮದು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನನಗೂ ಇರಲಿಲ್ಲ ನೋಡಿ. ಕಾಲು ತನ್ನಷ್ಟಕ್ಕೇ ಹಿಂದೆ ಸರಿಯಿತು, ಕೈ ಸೆರಗಿಗೆ ಹೋಯಿತು. ನೆಗೆಣ್ಣಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ನಡಿ, ಹೊತ್ತಾತು" ಎಂದರು ಭಾವ.

ನಮ್ಮವರು ಹುಟ್ಟಿದಾಗಿನಿಂದ ಅಣ್ಣನಿಗೆ ಎದುರು ಮಾತಾಡಿದವರಲ್ಲ. ಕೀಲಿ ಕೈಯಲ್ಲಿ ಹಿಡಿದು ಗಾಡಿಯ ಆ ಕಡೆ ನಿಂತಿದ್ದರು.

"ಅಣ್ಣಾ, ಇದಕ ಹಿಂದ ಸೀಟ ಇಲ್ಲ" ಎಂದರು.

"ಹಿಂದ ಸೀಟ ನನಗ್ಯಾಕೋ?"

"ಆಕಿ ಎಲ್ಲಿ ಕುಂದರಬೇಕು?"

ಭಾವ ಗಾಡಿಯ ಹಿಂದೆ ನೋಡಿದರು, ನನ್ನನ್ನು ನೋಡಿದರು. ಇಷ್ಟು ದಿನ ಓಡಾಡಿದ ಗಾಡಿಯನ್ನು ಅವರು ಆಗಲೇ ಮೊದಲ ಸಲ ನೋಡಿದಂತಿತ್ತು. ಆಕೆ ಬಸ್ಸಿಗೆ ಬರಲಿ ಎಂಬ ಮಾತು ಅವರ ತುದಿನಾಲಿಗೆಯಲ್ಲಿ ಇತ್ತು, ನನಗೆ ಕಾಣಿಸಿತು. ಯಾಕೋ ಹೊರಗೆ ಬರಲಿಲ್ಲ. ಬಾಗಿಲ ಮೇಲಿಂದ ಕೈ ತೆಗೆದರು, ಟೋಪಿ ಸರಿಮಾಡಿಕೊಂಡರು. "ನಂದೇನ ಅವಸರ ಇಲ್ಲ. ನಾ ಬಸ್ಸಿಗೆ ಹೋಗತೇನಿ" ಎಂದು ಜಗುಲಿಯ ಕಡೆ ನಡೆದರು. ಬಾಗಿಲು ಹಾಕಲಿಲ್ಲ, ತೆರೆದೇ ಬಿಟ್ಟಿದ್ದರು.

ಶಾಲೆಯ ಹಂಪು ಬಂದಾಗ ನನ್ನ ಕೈ ರೂಢಿಯಂತೆ ಬಾಗಿಲಿನ ಹಿಡಿಕೆಗೆ ಹೋಯಿತು. "ಕುಂದರು" ಎಂದರು ನಮ್ಮವರು. ಗಾಡಿ ಏರಿತು, ಇಳಿಯಿತು. ಕೆಳಗೆ ಏನೂ ತಾಗಲಿಲ್ಲ. ಚಹಾ ಅಂಗಡಿಯ ಮುಂದೆ ಆ ಗಂಡಸರೆಲ್ಲ ಕೂತಿದ್ದರು. ನಾನು ಕಿಟಕಿ ಇಳಿಸಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದೆ. ಮುಂದಿನಿಂದ ರಸ್ತೆ ಅಷ್ಟು ಅಗಲ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನು ನೋಡಿದ್ದು ಭಾವನವರ ಟೋಪಿಯ ಹಿಂಭಾಗ.

ಜುಗೂಳದಲ್ಲಿ ಗಾಡಿ ನಿಂತಾಗ ಅವ್ವ ಸೆರಗು ಎಳೆದುಕೊಂಡು ಬಂದಳು. ಮುಂದೆ ಕೂತವರು ಯಾರೆಂದು ತಲೆಯೆತ್ತಿ ನೋಡದೆಯೇ ಕೈಮುಗಿದು ಹಿಂದಕ್ಕೆ ಹೋದಳು. ಗಾಡಿಯ ಮೈ ಸವರುತ್ತ ಬಾಗಿಲು ಹುಡುಕಿದಳು. ಆ ಬದಿಗೂ ಹೋಗಿ ನೋಡಿದಳು.

"ಅಳಿಯಂದ್ರ, ಹಿಂದಿನ ಬಾಗಲಾ ಎಲ್ಲೈತ್ರಿ? ನನ್ನ ಮಗಳ ಬಂದಿಲ್ಲೇನು?"

"ಅವ್ವಾ, ಇಲ್ಲಿ ಅದೀನಿ" ಎಂದೆ.

ಅವ್ವ ಮುಂದೆ ಬಂದು ಕಿಟಕಿಯಲ್ಲಿ ಬಾಗಿದಳು. ನನ್ನನ್ನು ನೋಡಿದಳು, ನನ್ನ ಮುಂದಿನ ಗಾಜು ನೋಡಿದಳು. "ಮುಂದ ಕುಂತ ಬಂದೇನ?" ಎಂದಳು. ಮಗಳು ಪರೀಕ್ಷೆಯಲ್ಲಿ ಪಾಸಾದಳೇ ಎಂದು ಹಿಂದೊಮ್ಮೆ ಕೇಳಿದ್ದಳಲ್ಲ, ಅದೇ ದನಿ. ನನಗೆ ಅಳು ಬಂತು, ಅತ್ತುಬಿಟ್ಟೆ. ಆಕೆ ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದಳು, ಕೈ ಮಾತ್ರ ಬಾಗಿಲಿನ ಮೇಲೆಯೇ ಇತ್ತು. ಆಗ ನನಗೆ ಹೊಳೆಯಿತು, ಅವ್ವನೂ ಎಂದೂ ಮುಂದೆ ಕೂತವಳಲ್ಲ. ಚಕ್ಕಡಿಯಲ್ಲಿ ಹಿಂದೆ, ಟೆಂಪೋದಲ್ಲಿ ಹಿಂದೆ, ನನ್ನ ಅಣ್ಣನ ಜೀಪಿನಲ್ಲೂ ಹಿಂದೆ.

ನಾನು ಇಳಿದೆ. "ಕುಂದರ ಬೇ ಅವ್ವಾ" ಎಂದೆ.

"ನಾನ? ಮುಂದ? ಹುಚ್ಚಿ, ಮಂದಿ ಏನಂದಾರು" ಎಂದಳು. ಅನ್ನುತ್ತ ಅನ್ನುತ್ತಲೇ ಕೂತಾಗಿತ್ತು. ಎಷ್ಟೋ ವರ್ಷ ಕಾದು ಪಡೆದ ಸೀಟನ್ನು ಊರು ಮುಟ್ಟಿದ್ದೇ ಬಿಟ್ಟುಕೊಟ್ಟು ನಾನು ರಸ್ತೆಯಲ್ಲಿ ನಿಂತೆ. ಗಾಡಿ ಹೊಳೆಯ ಕಡೆ ಹೊರಟಿತು. ಓಣಿಯ ತಿರುವಿನಲ್ಲಿ ಒಂದು ಹಂಪು ಇದೆ. ಗಾಡಿ ನಿಧಾನ ಏರಿತು, ನಿಧಾನ ಇಳಿಯಿತು. ಅವ್ವನ ಬಿಳಿ ತಲೆ ಗಾಜಿನಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಯಿತು.

ಬಹಳ ಹೊತ್ತಾದ ಮೇಲೆ ತಿರುಗಿ ಬಂದರು. ನಾನು ಬಾಗಿಲು ತೆರೆಯಲು ಹೋದೆ. ಅವ್ವ ತಲೆಯ ಮೇಲಿನ ಸೆರಗು ಹೆಗಲಿಗೆ ಇಳಿಸಿ, ಮೊಳಕೈ ಕಿಟಕಿಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಇಳಿಯುವ ಲಕ್ಷಣವೇ ಇರಲಿಲ್ಲ.

"ನೀ ಒಳಗ ಹೋಗಿ ಚಹಾಕ ಇಡು. ನಾವು ಇನ್ನೊಂದ ಸುತ್ತ ಹೋಗಿ ಬರತೇವಿ" ಎಂದಳು.